ಎದೆಯುರಿಗೆ ಹಾಲು, ಇಸಬ್‌ಗೋಲ್, ಜ್ಯೇಷ್ಠಮಧು: ಒಂದೊಂದಾಗಿ ಮಾಡಿ ನೋಡಿದ್ದು

ನಮ್ಮ ಅಡುಗೆಮನೆ ಗೋಡೆಯಲ್ಲಿ ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರ್ ಇದೆ. ಹೋದ ವರ್ಷ ಅದರಲ್ಲಿ ಇನ್ನೊಂದು ಗುರುತು ಶುರುವಾಯಿತು. ಎದೆಯುರಿಯಿಂದ ರಾತ್ರಿ ಎದ್ದು ಕೂತರೆ ಪೆನ್ಸಿಲ್‌ನಲ್ಲಿ ಒಂದು ಚುಕ್ಕೆ. ಮೊದಲ ಎರಡು ವಾರ, 14 ರಾತ್ರಿಗೆ 9 ಚುಕ್ಕೆ. ಹುಳಿನೀರು ಗಂಟಲವರೆಗೂ ಬಂದು, ಕೆಮ್ಮು ಹತ್ತಿ, ಕತ್ತಲಲ್ಲಿ ಚೊಂಬಿಗೆ ತಡಕಾಡುವ ಕಷ್ಟ ಅನುಭವಿಸಿದವರಿಗೇ ಗೊತ್ತು. ಎಂಡೋಸ್ಕೋಪಿ ಆಗಿ, ಹುಣ್ಣೇನೂ ಇಲ್ಲ ಅಂತ ಡಾಕ್ಟರು ಹೇಳಿದ ಮೇಲೆ ಒಂದೊಂದೇ ಮದ್ದನ್ನು ಎರಡೆರಡು ವಾರ ಮಾಡಿ ನೋಡಿದೆ. ಎಲ್ಲವನ್ನೂ ಒಟ್ಟಿಗೆ ಶುರು ಮಾಡಿದರೆ ಯಾವುದರಿಂದ ಕಡಿಮೆಯಾಯಿತು ಅಂತ ತಿಳಿಯುವುದಿಲ್ಲ ಅಲ್ವಾ?

ತಣ್ಣನೆ ಹಾಲು ಕುಡಿದ ತಕ್ಷಣ ಹಾಯೆನಿಸುತ್ತದೆ. ಗಂಟೆ ಕಳೆಯುವಷ್ಟರಲ್ಲಿ ಮತ್ತೆ ಉರಿ. ಹಾಲಿನ ಪ್ರೋಟೀನು, ಕ್ಯಾಲ್ಸಿಯಂ ಎರಡೂ ಹೊಟ್ಟೆಯಲ್ಲಿ ಆಸಿಡ್ ಮತ್ತೆ ಸುರಿಯುವಂತೆ ಮಾಡುತ್ತವೆ. ಅದಕ್ಕಿಂತ ಮಧ್ಯಾಹ್ನದ ನೀರುಮಜ್ಜಿಗೆ ನನಗೆ ಒಗ್ಗಿತು. ಆದರೆ ಅವತ್ತೇ ಕಡೆದದ್ದಾಗಿರಬೇಕು. ಹುಳಿ ಬಂದ ಮಜ್ಜಿಗೆ ಕುಡಿದ ದಿನ ತೇಗೂ ಹುಳಿಯೇ.

ನೀರಿಗೆ ಹಾಕಿದರೆ ಬುಸುಗುಡುವ ಸೋಡಾಪುಡಿ ಎಲ್ಲಕ್ಕಿಂತ ಬೇಗ ಕೆಲಸ ಮಾಡುತ್ತದೆ. ಅದರಲ್ಲಿ ಸೋಡಿಯಂ ಜಾಸ್ತಿ. ನಮ್ಮ ಮನೆಯವರಿಗೆ ಬಿಪಿ ಇದೆ, ಹಾಗಾಗಿ ಆ ಪೊಟ್ಟಣ ತರುವುದನ್ನೇ ಬಿಟ್ಟೆ. ಆಪಲ್ ಸೈಡರ್ ವಿನೆಗರ್ ಎರಡೇ ದಿನ. ಗಂಟಲು ಸುಟ್ಟಂತಾಯಿತು, ನಿಲ್ಲಿಸಿದೆ.

ಜ್ಯೇಷ್ಠಮಧು ನಮ್ಮ ಅತ್ತೆ ಹೇಳಿದ್ದು. ಬೇರಿನ ತುಂಡು ಬಾಯಲ್ಲಿಟ್ಟುಕೊಂಡರೆ ಸಿಹಿ ನಿಧಾನಕ್ಕೆ ಇಳಿಯುತ್ತದೆ, ಗಂಟಲಿಗೆ ನಿಜವಾಗಿಯೂ ಹಿತ. ಆದರೆ ಅದರಲ್ಲಿರುವ ಗ್ಲಿಸಿರೈಜಿನ್ ದಿನಾ ಹೊಟ್ಟೆಗೆ ಹೋದರೆ ಬಿಪಿ ಏರುತ್ತದೆ, ಪೊಟ್ಯಾಸಿಯಂ ಇಳಿಯುತ್ತದೆ. ಗ್ಲಿಸಿರೈಜಿನ್ ತೆಗೆದ ಜ್ಯೇಷ್ಠಮಧು ಡಿಜಿಎಲ್ ಅನ್ನೋ ಹೆಸರಲ್ಲಿ ಚೀಪುವ ಮಾತ್ರೆಯಾಗಿ ಸಿಗುತ್ತದೆ. ದುಬಾರಿ. ಎರಡು ವಾರಕ್ಕೆ 7 ಚುಕ್ಕೆ, ಕೊಟ್ಟ ದುಡ್ಡಿಗೆ ಸಾಲದು.

ಇಸಬ್‌ಗೋಲ್ ಮೇಲೆ ನನಗೆ ನಂಬಿಕೆಯೇ ಇರಲಿಲ್ಲ, ಮಲಬದ್ಧತೆಗೆ ಕೊಡುವುದು ಅಂದುಕೊಂಡಿದ್ದೆ. ಸಂಜೆ ಒಂದು ಚಮಚ, ದೊಡ್ಡ ಲೋಟದ ತುಂಬ ನೀರು. ಬೆಳಿಗ್ಗೆ ಹೊಟ್ಟೆ ಸಲೀಸಾಯಿತು, ಉಬ್ಬರ ತಗ್ಗಿತು, ಚುಕ್ಕೆ 5ಕ್ಕೆ ಇಳಿಯಿತು. ನೀರು ಕಡಿಮೆಯಾದರೆ ಗಂಟಲಲ್ಲೇ ಉಬ್ಬಿ ಸಿಕ್ಕಿಕೊಳ್ಳಬಹುದು. ಬೇರೆ ಮಾತ್ರೆ ನುಂಗುವವರು ಎರಡು ಗಂಟೆ ಅಂತರ ಬಿಡಿ. ಬಾಟಲಿಗಳಲ್ಲಿ ನನ್ನ ಮೆಚ್ಚುಗೆ ಆಲ್ಜಿನೇಟ್ ಸಿರಪ್‌ಗೆ. ಕಡಲಪಾಚಿಯಿಂದ ಮಾಡಿದ್ದು. ಊಟದ ಮೇಲೆ ಕುಡಿದರೆ ಹೊಟ್ಟೆಯಲ್ಲಿರುವುದರ ಮೇಲೆ ನೊರೆಯ ತೆಪ್ಪದಂತೆ ತೇಲಿ, ಆಸಿಡ್ ಮೇಲೆ ಬರದಂತೆ ತಡೆಯುತ್ತದೆ. ಹೊರಗೆ ಊಟ ಮಾಡಿದ ರಾತ್ರಿಗೆ ಇದೇ ಇರಲಿ.

ಹೊಟ್ಟೆಯ ಆಸಿಡ್ ಕಡಿಮೆ ಮಾಡುವ ಪ್ಯಾಂಟೊಪ್ರಜೋಲ್ ಮಾತ್ರೆಯನ್ನು ಮೊದಲು ಮೆಡಿಕಲ್ ಶಾಪಿನಲ್ಲಿ ಕೇಳಿ ತಂದು, ತಿಂಡಿಯಾದ ಮೇಲೆ ನುಂಗುತ್ತಿದ್ದೆ. ಹೇಗೆ ತೆಗೆದುಕೊಳ್ಳಬೇಕು ಅಂತ ಅಲ್ಲಿ ಯಾರೂ ಹೇಳಿರಲಿಲ್ಲ. ತಿಂಡಿಗೆ ಅರ್ಧ ಗಂಟೆ ಮುಂಚೆ ಖಾಲಿ ಹೊಟ್ಟೆಯಲ್ಲಿ ತೆಗೆದುಕೊಳ್ಳಬೇಕಂತೆ. ಹಾಗೆ ಮಾಡಿದಾಗ ಚೆನ್ನಾಗಿ ಕೆಲಸ ಮಾಡಿತು. ವರ್ಷಗಟ್ಟಲೆ ಸುಮ್ನೆ ನುಂಗುತ್ತಾ ಹೋದರೆ ಬಿ12, ಮೆಗ್ನೀಸಿಯಂ ಕಡಿಮೆಯಾಗಬಹುದು. ಒಮ್ಮೆಲೇ ಬಿಟ್ಟರೆ ಉರಿ ಜೋರಾಗಿ ವಾಪಸ್ ಬರಬಹುದು. ನುಂಗುವಾಗ ಅನ್ನ ಸಿಕ್ಕಿಕೊಂಡಂತಾದರೆ, ಮಲ ಕಪ್ಪಗಾದರೆ, ತೂಕ ತಾನಾಗಿ ಇಳಿದರೆ ಮನೆಮದ್ದು ಬಿಟ್ಟು ಡಾಕ್ಟರ ಹತ್ತಿರ ಹೋಗಿ. ಎದೆನೋವು ತೋಳಿಗೋ ದವಡೆಗೋ ಹರಿದರೆ, ಬೆವರು ಕಿತ್ತರೆ ಗ್ಯಾಸ್ಟ್ರಿಕ್ ಅಂತ ಕಾಯಲೇಬೇಡಿ, ತಕ್ಷಣ ಆಸ್ಪತ್ರೆಗೆ.

ಇಷ್ಟನ್ನೂ ಮೀರಿಸಿದ್ದು ಊಟದ ಹೊತ್ತು. ಅಂಗಡಿ ಮುಚ್ಚಿ ಇವರು ಬರುವುದು ಒಂಬತ್ತೂವರೆಗೆ. ಒಟ್ಟಿಗೆ ಉಂಡು ಹತ್ತೂವರೆಗೆ ಮಲಗುತ್ತಿದ್ದೆವು. ಈಗ ನಾನು ಏಳಕ್ಕೇ ಉಣ್ಣುತ್ತೇನೆ. ಅರ್ಧ ಮುದ್ದೆ, ಖಾರ ಕಡಿಮೆ ಮಾಡಿದ ಬಸ್ಸಾರು. ಇವರು ಉಣ್ಣುವಾಗ ಎದುರು ಕೂತು ಬಡಿಸುತ್ತೇನೆ. ಇಷ್ಟು ವರ್ಷ ಜೊತೆಗೇ ಉಂಡವರು, ಮೊದಮೊದಲು ಇಬ್ಬರಿಗೂ ಬೇಜಾರಾಯಿತು. ಸಂಜೆ ಕಾಫಿ ಬಿಟ್ಟೆ, ಬೆಳಗಿನದು ತಿಂಡಿಯ ಜೊತೆ ಇದೆ. ಎರಡು ದಿಂಬು ಇಟ್ಟು ನೋಡಿದೆ. ಹೊಟ್ಟೆ ಮಡಚಿ ಉರಿ ಹೆಚ್ಚೇ ಆಯಿತು. ಆಮೇಲೆ ಮಂಚದ ತಲೆಯ ಕಡೆಯ ಎರಡು ಕಾಲಿಗೂ ಇಟ್ಟಿಗೆ ಕೊಟ್ಟು ಸುಮಾರು 6 ಇಂಚು ಎತ್ತರಿಸಿದೆವು. ಎಡಮಗ್ಗುಲಿಗೆ ಮಲಗುವುದು ರೂಢಿ ಮಾಡಿಕೊಂಡೆ. ಹಾಗೆ ಮಲಗಿದರೆ ಹೊಟ್ಟೆಯ ಚೀಲ ಅನ್ನನಾಳದ ಬಾಯಿಗಿಂತ ಕೆಳಗಿರುತ್ತದೆ.

ಆ ಎರಡು ವಾರ 2 ಚುಕ್ಕೆ. ಇಸಬ್‌ಗೋಲ್ ಈಗಲೂ ಬಿಟ್ಟಿಲ್ಲ. ಈ ತಿಂಗಳ ಹಾಳೆಯಲ್ಲಿ ಒಂದೇ ಚುಕ್ಕೆ ಇದೆ, ಅಕ್ಕನ ಮಗಳ ಆರತಕ್ಷತೆಯಲ್ಲಿ ಹತ್ತು ಗಂಟೆಗೆ ಉಂಡ ರಾತ್ರಿಯದು.