ಕಟ್ಟಡದ ಶಾಲೆಯೋ, ಟೆಂಟಿನ ಶಾಲೆಯೋ?

ಹೊರಾಂಗಣ ಶಿಕ್ಷಣ ಕೊಡುವ ವಸತಿ ಶಾಲೆಗಳಲ್ಲಿ ಮುಖ್ಯವಾಗಿ ಎರಡು ಬಗೆ. ಒಂದರಲ್ಲಿ ಹಗಲೆಲ್ಲ ಬಂಡೆ, ಹಗ್ಗ, ದೋಣಿ; ಕತ್ತಲಾಗುವಷ್ಟರಲ್ಲಿ ಡಾರ್ಮಿಟರಿಗೆ ವಾಪಸ್. ಇನ್ನೊಂದರಲ್ಲಿ ಒಂದೆರಡು ದಿನ ತಯಾರಿ, ಆಮೇಲೆ ಬೆನ್ನಿಗೆ ಚೀಲ ಏರಿಸಿ ಹೊರಟರೆ ಕೋರ್ಸ್ ಮುಗಿಯುವ ತನಕ ಸೂರೂ ಇಲ್ಲ, ಮಂಚವೂ ಇಲ್ಲ. ಮೇಷ್ಟ್ರಾಗಿ ಹೈಸ್ಕೂಲು ಮಕ್ಕಳ ಜೊತೆ ಎರಡಕ್ಕೂ ಹೋಗಿದ್ದೇನೆ. ನೆರಳಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದಲ್ಲ. ಹಗ್ಗಕ್ಕೆ ಜೋತುಬಿದ್ದಿದ್ದೇನೆ, ಒದ್ದೆ ಟೆಂಟಿನಲ್ಲಿ ಮಲಗಿದ್ದೇನೆ. ಕರಪತ್ರ ನೋಡಿದರೆ ಎರಡೂ ಒಂದೇ ಥರ: ಹೆಲ್ಮೆಟ್ ಹಾಕಿಕೊಂಡು ನಗುವ ಮಕ್ಕಳು, ಕೆಳಗೆ ‘ನಾಯಕತ್ವ’, ‘ಆತ್ಮವಿಶ್ವಾಸ’. ವಾಪಸ್ ಬಂದ ಮಕ್ಕಳ ಮಾತು ಮಾತ್ರ ಬೇರೆ ಬೇರೆ. ಕಟ್ಟಡದ ಶಾಲೆಯಿಂದ ಬಂದವರು ತಾವು ಏನು ಮಾಡಿದೆವು ಅಂತ ಹೇಳುತ್ತಾರೆ. ಟೆಂಟಿನ ಶಾಲೆಯಿಂದ ಬಂದವರು ಒಬ್ಬರ ಬಗ್ಗೆ ಒಬ್ಬರು ಹೇಳುತ್ತಾರೆ, ಅದರಲ್ಲಿ ಅರ್ಧ ದೂರು.

ಎರಡಕ್ಕೂ ಹಳೆಯ ಬೇರುಗಳಿವೆ. 1941ರಲ್ಲಿ ಶಿಕ್ಷಣತಜ್ಞ ಕುರ್ಟ್ ಹಾನ್ ಮತ್ತು ಹಡಗು ಕಂಪನಿಯ ಲಾರೆನ್ಸ್ ಹೋಲ್ಟ್ ಸೇರಿ ವೇಲ್ಸ್‌ನ ಅಬರ್‌ಡವಿಯಲ್ಲಿ ಔಟ್‌ವರ್ಡ್ ಬೌಂಡ್ ಎಂಬ ಶಾಲೆ ಶುರು ಮಾಡಿದಾಗ ಸಮುದ್ರದ ದಡದಲ್ಲಿ ಒಂದು ನೆಲೆ ಇತ್ತು; ಹುಡುಗರು ಅಲ್ಲಿಂದ ಕಡಲಿಗೂ ಬೆಟ್ಟಕ್ಕೂ ಹೋಗಿ ಬರುತ್ತಿದ್ದರು. ಆ ಸಂಸ್ಥೆಯ ಅಮೆರಿಕದ ಕೊಲೊರಾಡೊ ಶಾಲೆಯಲ್ಲಿ ಕಲಿಸಿದ್ದ ಪರ್ವತಾರೋಹಿ ಪಾಲ್ ಪೆಟ್ಜೋಲ್ಟ್, ಮಕ್ಕಳನ್ನು ಕಾಡಿಗೆ ಕರೆದೊಯ್ಯಲು ನುರಿತ ಮುಖಂಡರು ಸಾಕಷ್ಟು ಇಲ್ಲ ಎಂದು 1965ರಲ್ಲಿ ವಯೋಮಿಂಗ್‌ನಲ್ಲಿ ನೋಲ್ಸ್ ಎಂಬ ಹೊರಾಂಗಣ ಶಾಲೆ ಕಟ್ಟಿದ. ಅಲ್ಲಿ ಬೆಟ್ಟದಲ್ಲಿ ವಾರಗಟ್ಟಲೆ ನಡೆಯುವುದೇ ಪಾಠ. ಇವತ್ತಿನ ಹೆಚ್ಚಿನ ಕೋರ್ಸುಗಳು ಈ ಎರಡರ ನಡುವೆ ಎಲ್ಲೋ ನಿಲ್ಲುತ್ತವೆ.

ಕೈಗೆ ಕಸುಬು ಹತ್ತಬೇಕಾದರೆ ಕಟ್ಟಡದ ಶಾಲೆಯೇ ಸರಿ, ಇದರಲ್ಲಿ ಪೈಪೋಟಿಯೇ ಇಲ್ಲ. ಇಂಗ್ಲಿಷಿನ 8ರ ಆಕಾರದ ಫಿಗರ್-ಎಯ್ಟ್ ಗಂಟನ್ನು ಕಣ್ಣು ಮುಚ್ಚಿ ಹಾಕುವ ತನಕ ಹಾಕಿಸುತ್ತಾರೆ. ಬಿಲೇ ಕೊಡುವವರ, ಅಂದರೆ ಹತ್ತುವವರು ಬೀಳದಂತೆ ಹಗ್ಗ ಹಿಡಿದು ಕಾಯುವವರ, ಬ್ರೇಕ್ ಕೈ (ಹಗ್ಗ ತಡೆಯುವ ಕೈ) ಹಗ್ಗ ಬಿಡಬಾರದು ಅನ್ನುವುದನ್ನು ಬಾಯಲ್ಲಿ ಹೇಳುವುದಿಲ್ಲ, ಅದೇ ಗೋಡೆಯ ಮೇಲೆ ಮತ್ತೆ ಮತ್ತೆ ಮಾಡಿಸಿ ಮೈಗೆ ಹತ್ತಿಸುತ್ತಾರೆ. ನಡೆಯುತ್ತಲೇ ಇರುವ ತಂಡಕ್ಕೆ ಅಷ್ಟು ಪುರುಸೊತ್ತು ಎಲ್ಲಿಯದು?

ಇನ್ನೊಂದು ದೊಡ್ಡ ಲಾಭ, ಅಲ್ಲಿ ಮಗು ‘ಒಲ್ಲೆ’ ಅನ್ನಬಹುದು. ಹಗ್ಗದಲ್ಲಿ ಇಳಿಯುವಾಗ ಕಷ್ಟದ ಜಾಗ ಗೋಡೆಯಲ್ಲ, ಅಂಚು. ಪಾದ ಅಂಚಿನಲ್ಲಿಟ್ಟು ಬೆನ್ನನ್ನು ಗಾಳಿಗೆ ಒರಗಿಸಬೇಕು. ನಮ್ಮ ಹುಡುಗಿಯೊಬ್ಬಳು ಅಲ್ಲಿ ನಿಂತಳು. ಮಂಡಿ ಕಂಪಿಸುತ್ತಿತ್ತು; ಹಗ್ಗ ಹಿಡಿದ ಬೆರಳುಗಳ ಗೆಣ್ಣು ಬೆಳ್ಳಗಾಗಿದ್ದವು. ಕೆಳಗಿದ್ದವರು ಚಪ್ಪಾಳೆ ತಟ್ಟಿ ಹುರಿದುಂಬಿಸಲು ಹೋದಾಗ ಬೋಧಕಿ ಅವರ ಬಾಯಿ ಮುಚ್ಚಿಸಿದರು. ‘ಬೇಡ ಅಂದ್ರೆ ಬಿಚ್ಚಿಬಿಡೋಣ’ ಅಂದರು ಅಷ್ಟೇ. ಹುಡುಗಿ ಬಿಚ್ಚಿಸಿಕೊಂಡಳು. ಮಧ್ಯಾಹ್ನದ ಮೇಲೆ ತಾನೇ ಬಂದು ಸಾಲಿನ ಕೊನೆಯಲ್ಲಿ ನಿಂತಳು. ಗೋಡೆ ಅಲ್ಲೇ ಇತ್ತು, ಹೊತ್ತೂ ಇತ್ತು, ಹಾಗಾಗಿ ಅದು ಸಾಧ್ಯವಾಯಿತು.

ಟೆಂಟಿನ ಶಾಲೆಯಲ್ಲಿ ಏರಿನ ನಡುವೆ ಕೂತುಬಿಟ್ಟರೆ ಯಾವ ಜೀಪೂ ಬರುವುದಿಲ್ಲ. ಒಬ್ಬ ಹುಡುಗ ಹಾಗೆ ಕೂತ. ಉಳಿದವರು ಅವನ ಚೀಲದಿಂದ ಸ್ಟೌ, ದೊಡ್ಡ ಪಾತ್ರೆ ತೆಗೆದು ಹಂಚಿಕೊಂಡರು, ಗೊಣಗಿಕೊಂಡೇ. ಅವನು ಥ್ಯಾಂಕ್ಸ್ ಕೂಡ ಹೇಳಲಿಲ್ಲ, ರಾತ್ರಿಯ ತನಕ ಮುಖ ಊದಿಸಿಕೊಂಡೇ ಇದ್ದ. ಇಂಥದ್ದನ್ನೆಲ್ಲ ‘ತಂಡದ ಮನೋಭಾವ’ ಅಂತ ಬರೆದುಕೊಳ್ಳಲು ನನಗೆ ಮನಸ್ಸಿಲ್ಲ. ಆದರೆ ಮರುದಿನ ಬೆಳಿಗ್ಗೆ ಚೀಲ ತುಂಬುವಾಗ ಯಾರಿಗೆ ಎಷ್ಟು ಭಾರ ಅನ್ನುವುದನ್ನು ಬೋಧಕರ ಬಾಯಿಗೆ ಬಿಡದೆ ಮಕ್ಕಳೇ ಜಗಳವಾಡಿ ತೀರ್ಮಾನಿಸಿದರು.

ಮಳೆ ಬಂದಾಗ ವ್ಯತ್ಯಾಸ ಎದ್ದು ಕಾಣುತ್ತದೆ. ಕಟ್ಟಡದಲ್ಲಿ ಮಳೆ ಅಂದರೆ ವೇಳಾಪಟ್ಟಿ ಬದಲು: ಹಾಲ್‌ನಲ್ಲಿ ಗಂಟು ಹಾಕುವುದು, ಪ್ರಥಮ ಚಿಕಿತ್ಸೆ, ಸ್ಲೈಡು. ಟೆಂಟಿನವರಿಗೆ ಮಳೆಯೇ ಅವತ್ತಿನ ಪಾಠ. ಮೊದಲ ರಾತ್ರಿ ನಮ್ಮವರು ಮೆತ್ತಗಿದೆ ಅಂತ ತಗ್ಗಿನ ಹುಲ್ಲಿನ ಮೇಲೆ ಟೆಂಟ್ ಹೊಡೆದಿದ್ದರು. ಬೋಧಕ ನೋಡಿಯೂ ಸುಮ್ಮನಿದ್ದ. ನಡುರಾತ್ರಿ ನೀರು ಒಳಗೆ ಬಂತು. ಮರುದಿನ ಹೊಸ ಜಾಗ ತಲುಪಿದಾಗ ಯಾರೂ ಟೆಂಟಿನ ಚೀಲ ಬಿಚ್ಚಲಿಲ್ಲ. ಮೊದಲು ಸುತ್ತ ಒಂದು ಸುತ್ತು ಹಾಕಿದರು, ಒಬ್ಬ ಅಂಗಾತ ಮಲಗಿ ತಲೆ ಯಾವ ಕಡೆ ಇಳಿಯುತ್ತದೆ ಅಂತ ನೋಡಿದ. ಹತ್ತಿಯ ಬಟ್ಟೆ ನೆಂದರೆ ಮೈ ಬೆಚ್ಚಗಿಡುವುದಿಲ್ಲ ಅನ್ನುವುದು ಎರಡೂ ಕಡೆ ಪಾಠದಲ್ಲಿದೆ. ಮಲಗಲು ಇಟ್ಟ ಒಣ ಬಟ್ಟೆಯನ್ನು ಎಷ್ಟೇ ಚಳಿಯಾದರೂ ಹಗಲು ಮುಟ್ಟದೆ ಕಾಪಾಡಿದ್ದನ್ನು ನಾನು ನೋಡಿದ್ದು ಟೆಂಟಿನ ಶಾಲೆಯಲ್ಲಿ ಮಾತ್ರ. ಹಾಗೆಂದು ಬೋಧಕ ಯಾವಾಗಲೂ ಸುಮ್ಮನಿರಬಾರದು. ದೇಹದೊಳಗಿನ ಉಷ್ಣತೆ 35 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದರೆ ಅದು ಹೈಪೋಥರ್ಮಿಯಾ. ಟೆಂಟಿನಲ್ಲಿ ಒದ್ದೆಯಾಗಲು ಬಿಡುವುದಕ್ಕೂ ನಡುಗಲು ಬಿಡುವುದಕ್ಕೂ ನಡುವಿನ ಗೆರೆ ಗೊತ್ತಿರುವ ಬೋಧಕ ಸಿಗಬೇಕು.

ನಕ್ಷೆ ಓದುವುದರಲ್ಲೂ ಟೆಂಟಿನದೇ ಮೇಲುಗೈ. ಗಂಟೆಗೆ 5 ಕಿಲೋಮೀಟರ್, ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ ಅನ್ನುವ, ನಡಿಗೆಗೆ ಎಷ್ಟು ಹೊತ್ತು ಬೇಕೆಂದು ಅಂದಾಜಿಸುವ ಸ್ಕಾಟಿಷ್ ಪರ್ವತಾರೋಹಿ ನೈಸ್ಮಿತ್‌ನ ಲೆಕ್ಕ 1892ರದು. ಬೋರ್ಡಿನ ಮೇಲೆ ಮಕ್ಕಳು ಅದನ್ನು ಸಲೀಸಾಗಿ ಮಾಡುತ್ತಾರೆ. ಭಾರ ಹೊತ್ತು, ನಿಂತು, ಲೇಸ್ ಕಟ್ಟಿಕೊಂಡು, ಜಗಳವಾಡಿ ನಡೆಯುವ ತಂಡಕ್ಕೆ ಅದು ಎಷ್ಟು ಸುಳ್ಳು ಅಂತ ತಿಳಿಯಲು ಒಂದು ಮಧ್ಯಾಹ್ನ ಸಾಕು. ಆಮೇಲೆ ತಮ್ಮದೇ ಒಂದು ಲೆಕ್ಕ ಕಟ್ಟಿಕೊಳ್ಳುತ್ತಾರೆ, ಅದು ಸರಿಯಾಗಿಯೇ ಬರುತ್ತದೆ.

ಮನೆ ನೆನಪು? ಹೆಚ್ಚು ಕಾಡಿದ್ದು ಕಟ್ಟಡದಲ್ಲೇ. ಫೋನುಗಳು ಆಫೀಸಿನ ಬೀರುವಿನಲ್ಲಿವೆ ಅಂತ ಎಲ್ಲರಿಗೂ ಗೊತ್ತು. ರಾತ್ರಿ ಊಟವಾದ ಮೇಲೆ ಆ ಬಾಗಿಲ ಹತ್ತಿರ ಏನೋ ನೆಪ ಹೇಳಿಕೊಂಡು ಸುಳಿದಾಡುವವರು ಇದ್ದೇ ಇದ್ದರು. ನೆಟ್‌ವರ್ಕೇ ಇಲ್ಲದ ಕಡೆ ಆ ಆಸೆ ಎರಡನೇ ಸಂಜೆಗೆ ತಣ್ಣಗಾಯಿತು.

ಶೌಚದ ವಿಷಯ ಎಲ್ಲರಿಗೂ ಬೇಕು, ಯಾರೂ ಕೇಳುವುದಿಲ್ಲ. ಟೆಂಟಿನಲ್ಲಿ ನೀರಿನಿಂದ 200 ಅಡಿ ದೂರ, 6ರಿಂದ 8 ಇಂಚು ಆಳದ ಗುಂಡಿ, ಮುಗಿದ ಮೇಲೆ ಮಣ್ಣು ಮುಚ್ಚಬೇಕು. ಮೊದಲ ದಿನದ ಮುಜುಗರ ಎರಡನೇ ದಿನ ಇರುವುದಿಲ್ಲ. ಹೆಣ್ಣುಮಕ್ಕಳಿರುವ ತಂಡಕ್ಕೆ ಮಹಿಳಾ ಬೋಧಕಿ ಕಡ್ಡಾಯ. ಮುಟ್ಟಿನ ದಿನಗಳ ವ್ಯವಸ್ಥೆ ಏನು ಅಂತ ಮೊದಲೇ ಬಾಯಿಬಿಟ್ಟು ಕೇಳಿ. ತಡವರಿಸುವ ಶಾಲೆಯಾದರೆ ಬೇಡ.

ಸಂಜೆಯ ಚರ್ಚೆ ಎರಡೂ ಕಡೆ ಇರುತ್ತದೆ. ಕಟ್ಟಡದಲ್ಲಿ ಚಾರ್ಟ್ ಪೇಪರ್ ಎದುರು ‘ಇವತ್ತು ಏನು ಕಲಿತಿರಿ?’ ಅಂದರೆ ‘ಟೀಮ್ ವರ್ಕ್ ಸರ್’ ಅನ್ನುವ ಉತ್ತರ ಸಿದ್ಧವಾಗಿರುತ್ತದೆ. ಟೆಂಟಿನಲ್ಲಿ ‘ಕವಲು ದಾರಿಯಲ್ಲಿ ನನ್ನ ಮಾತು ಯಾಕೆ ಕೇಳಲಿಲ್ಲ?’ ಅಂತಲೇ ಮಾತು ಶುರು. ಆದರೆ ಬೋಧಕರೂ ದಣಿದಿರುತ್ತಾರೆ. ಮಲಗಿಬಿಡೋಣ ಅಂದ ಸಂಜೆಗಳೂ ಇದ್ದವು, ಆ ದಿನಗಳ ಕೋಪ ಹಾಗೇ ಚೀಲದಲ್ಲಿ ಮುಂದಕ್ಕೆ ಹೋಯಿತು. ಒಬ್ಬೊಬ್ಬರನ್ನೇ ಒಂದೊಂದು ಕಡೆ ಕೂರಿಸುವ ‘ಸೋಲೋ’ ಬಗ್ಗೆ ಕರಪತ್ರಗಳು ಭಾರಿ ಹೇಳಿಕೊಳ್ಳುತ್ತವೆ. ನಮ್ಮ ಮಕ್ಕಳು ಹೆಚ್ಚಿನವರು ನಿದ್ದೆ ಹೊಡೆದರು. ಅವರಿಗೆ ಅದೂ ಬೇಕಿತ್ತು ಬಿಡಿ.

ನನ್ನ ಆಯ್ಕೆ ಹೀಗೆ: ಮೊದಲ ಸಲ ಹೋಗುವವರು, ಹನ್ನೆರಡು-ಹದಿಮೂರರ ಒಳಗಿನವರು, ಆಸ್ಪತ್ರೆ ಹತ್ತಿರವಿರಬೇಕಾದ ಆರೋಗ್ಯದವರು ಕಟ್ಟಡದ ಶಾಲೆಗೆ. ಹದಿನೈದು ದಾಟಿದವರು, ಒಮ್ಮೆ ಕಟ್ಟಡದ್ದು ಮುಗಿಸಿದವರು ಟೆಂಟಿಗೆ, ಅದೂ ಉದ್ದದ ಕೋರ್ಸಿಗೆ. 1997ರಲ್ಲಿ ಶಿಕ್ಷಣ ಸಂಶೋಧಕ ಜಾನ್ ಹ್ಯಾಟಿ ಮತ್ತು ಜೊತೆಗಾರರು ಇಂಥ ಕಾರ್ಯಕ್ರಮಗಳ 96 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ, ಕೋರ್ಸ್ ಮುಗಿದ ಮೇಲೂ ಪರಿಣಾಮ ಕರಗದೆ ಹೆಚ್ಚಿದ್ದು ಕಂಡಿತು. 20 ದಿನ ಮೀರಿದವುಗಳ ಫಲ ಹೆಚ್ಚು, ಕಾರ್ಯಕ್ರಮದಿಂದ ಕಾರ್ಯಕ್ರಮಕ್ಕೆ ವ್ಯತ್ಯಾಸವೂ ದೊಡ್ಡದು. ವಾರಾಂತ್ಯದ ಟೆಂಟ್ ಕೋರ್ಸಿನಲ್ಲಿ ಜಗಳ ಶುರುವಾಗುವಷ್ಟರಲ್ಲಿ ಬಸ್ಸು ಬಂದಿರುತ್ತದೆ, ರಾಜಿಗೆ ಸಮಯ ಇರುವುದಿಲ್ಲ.

ಎರಡನ್ನೂ ಬೆರೆಸಿದ ಕೋರ್ಸುಗಳೂ ಇವೆ: ಮೊದಲು ನೆಲೆಯಲ್ಲಿ ತರಬೇತಿ, ಕೊನೆಗೆ ಕೆಲವು ದಿನ ನಡಿಗೆ. ಕೇಳಲು ಚೆನ್ನ. ಆದರೆ ಡಾರ್ಮಿಟರಿಯ ಕೋಣೆಗೊಂದು ಗುಂಪು, ನಡಿಗೆಗೆ ಇನ್ನೊಂದು ಗುಂಪು ಮಾಡುವ ರೂಢಿ ಕೆಲವು ಕಡೆ ಇದೆ. ಹಾಗೆ ಮಾಡಿದರೆ ನೆಲೆಯಲ್ಲಿ ಹೊಂದಿಕೊಂಡದ್ದೆಲ್ಲ ನೀರಿಗೆ ಹೋದ ಹಾಗೆ. ನಡಿಗೆಯ ಮೊದಲ ದಿನ ಯಾರು ಬೇಗ ದಣಿಯುತ್ತಾರೆ, ಯಾರು ಸಿಡುಕುತ್ತಾರೆ ಅನ್ನುವುದನ್ನು ಮತ್ತೆ ಮೊದಲಿನಿಂದ ತಿಳಿಯಬೇಕು. ಹೆಸರು ನೋಂದಾಯಿಸುವ ಮೊದಲು, ಅದೇ ಮಕ್ಕಳು ಅದೇ ಬೋಧಕರ ಜೊತೆ ಹೊರಡುತ್ತಾರೋ ಇಲ್ಲವೋ ಅಂತ ಕೇಳಿಕೊಳ್ಳಿ.