ಸೀಗೋ, ಬಕ್‌ಹಾರ್ನ್, ಹಾರ್ಸ್‌ಶೂ: ಒಬ್ಬರೇ ಹೋಗುವುದಾದರೆ ಯಾವುದು?

ಅಮೆರಿಕದ ಯೂಟಾ ರಾಜ್ಯದ ಮರುಭೂಮಿ ಕಣಿವೆಗಳಲ್ಲಿ ಹಳೆಯ ಬಂಡೆಚಿತ್ರ ನೋಡಬೇಕು, ಜೊತೆಗೆ ಯಾರೂ ಇಲ್ಲ, ಇರುವುದು ಒಂದೇ ದಿನ ಅಂದುಕೊಳ್ಳಿ. ಆಗ ಮೂರು ಹೆಸರು ಕಿವಿಗೆ ಬೀಳುತ್ತವೆ: ಸೀಗೋ, ಬಕ್‌ಹಾರ್ನ್ ವಾಶ್, ಹಾರ್ಸ್‌ಶೂ. ಮೂರಕ್ಕೂ ಒಬ್ಬನೇ ಹೋಗಿ ಬಂದಿದ್ದೇನೆ. ನಡೆಯುವ ಆಸೆ ಇದ್ದವರಿಗೆ ಹಾರ್ಸ್‌ಶೂಗೆ ಸಾಟಿಯಿಲ್ಲ. ಆದರೂ ಮೊದಲು ಸೀಗೋ ನೋಡಿಕೊಂಡು ಹೋಗಿ ಅಂತಲೇ ಹೇಳುತ್ತೇನೆ.

ಸೀಗೋಗೆ ದಾರಿ ಸಲೀಸು. ಐ-70 ಹೆದ್ದಾರಿಯಿಂದ ಥಾಂಪ್ಸನ್ ಸ್ಪ್ರಿಂಗ್ಸ್ ಹತ್ತಿರ ಇಳಿದು ಉತ್ತರಕ್ಕೆ ಐದಾರು ಕಿ.ಮೀ. ಹೋದರೆ ಬಂಡೆ ಎದುರಿಗೇ ಸಿಗುತ್ತದೆ. ಇದನ್ನು ಚಾರಣ ಅನ್ನೋಕಾಗಲ್ಲ. ಆದರೆ ಮೂರು ಬೇರೆ ಬೇರೆ ಜನರ ಕೈಕೆಲಸ ಇಲ್ಲಿ ಅಕ್ಕಪಕ್ಕದಲ್ಲೇ ಇದೆ. ಕೈಕಾಲಿಲ್ಲದ, ಗುಳಿಬಿದ್ದ ಕಣ್ಣಿನ ಉದ್ದುದ್ದ ಕೆಂಪು ಆಕೃತಿಗಳು ಬ್ಯಾರಿಯರ್ ಕ್ಯಾನಿಯನ್ ಶೈಲಿಯವು. ಅಗಲ ಭುಜ, ಸಣ್ಣ ಸೊಂಟ ಇಟ್ಟು ಕಲ್ಲಿನಲ್ಲಿ ಕುಟ್ಟಿ ಮೂಡಿಸಿದವು ಇಲ್ಲಿನ ಪ್ರಾಚೀನ ಮೂಲನಿವಾಸಿಗಳಾದ ಫ್ರೀಮಾಂಟ್ ಜನರವು. ಕೆಂಪು, ಬಿಳಿ ಬಣ್ಣದಲ್ಲಿ ಕುದುರೆ, ಗುರಾಣಿ ಬರೆದವರು ಆಮೇಲಿನ ಮೂಲನಿವಾಸಿಗಳಾದ ಯೂಟ್ ಜನ. ಕುದುರೆ ಈ ಕಡೆಗೆ ಬಂದದ್ದು ಸ್ಪೇನಿನವರಿಂದ. ಹಾಗಾಗಿ ಕುದುರೆ ಕಂಡರೆ ಈಚಿನದು ಅಂತ ಯಾರು ಬೇಕಾದರೂ ಹೇಳಬಹುದು. ಸ್ವಲ್ಪ ಹೊತ್ತು ನಿಂತು ನೋಡಿದರೆ ಸಾಕು, ಕಣ್ಣು ಪಳಗುತ್ತದೆ. ಬೇಜಾರಾಗುವುದು ಬಂಡೆಯ ಮೇಲೆ ಹೆಸರು ಕೆತ್ತಿ ಹೋದವರನ್ನು ನೆನೆದು. ನಮ್ಮ ಕೋಟೆ ಗೋಡೆಗಳ ಮೇಲೆ ಬಾಣ ಚುಚ್ಚಿದ ಹೃದಯ ಬರೆಯುತ್ತಾರಲ್ಲ, ಅವರ ನೆಂಟರು ಅಲ್ಲೂ ಇದ್ದಾರೆ.

ಬಕ್‌ಹಾರ್ನ್ ವಾಶ್ ಇರುವುದು ಸ್ಯಾನ್ ರಾಫೆಲ್ ಸ್ವೆಲ್ ಎಂಬ ಬಂಡೆನಾಡಿನಲ್ಲಿ. ಜಲ್ಲಿ ರಸ್ತೆ, ಎರಡೂ ಕಡೆ ಎತ್ತರದ ಗೋಡೆ, ರಸ್ತೆ ಪಕ್ಕದಲ್ಲೇ ಸುಮಾರು 130 ಅಡಿ ಉದ್ದದ ಚಿತ್ರಸಾಲು. ಯೂಟಾ ರಾಜ್ಯವಾಗಿ ನೂರು ವರ್ಷ ತುಂಬಿದಾಗ, 1996ರ ಹೊತ್ತಿಗೆ, ಇದರ ಮೇಲಿನ ಗೀಚಾಟ ತೆಗೆದು ಸರಿಮಾಡಿದರು. ಚಿತ್ರ ಚೆನ್ನಾಗಿದೆ. ಆದರೆ ಕಾರು ಹೋದಾಗಲೆಲ್ಲ ಧೂಳು ಕುಡಿಯಬೇಕು. ಮನೆಮಂದಿ ಜೊತೆ ಟೆಂಟ್ ಹಾಕಲು ಸರಿ. ಒಬ್ಬರೇ ನಡೆಯಲು ಹೊರಟವರಿಗೆ ಇಲ್ಲಿ ಅಂಥ ಕೆಲಸವಿಲ್ಲ.

ಹಾರ್ಸ್‌ಶೂ ಲೆಕ್ಕವೇ ಬೇರೆ. ಕ್ಯಾನಿಯನ್‌ಲ್ಯಾಂಡ್ಸ್ ರಾಷ್ಟ್ರೀಯ ಉದ್ಯಾನಕ್ಕೆ 1971ರಲ್ಲಿ ಸೇರಿದ, ಅದರಿಂದ ಬೇರೆಯಾಗಿಯೇ ಇರುವ ತುಂಡು ಇದು. 24ನೇ ಹೆದ್ದಾರಿ ಬಿಟ್ಟ ಮೇಲೆ ಸುಮಾರು 48 ಕಿ.ಮೀ. ಮಣ್ಣುರಸ್ತೆ. ಒಣಗಿದ್ದರೆ ಸಾಮಾನ್ಯವಾಗಿ ಮಾಮೂಲಿ ಕಾರೂ ಹೋಗುತ್ತದೆ. ಹೋಗಿಬರುವ ನಡಿಗೆ 11 ಕಿ.ಮೀ. ಶುರುವಿನಲ್ಲೇ 240 ಮೀಟರ್ ಇಳಿಯಬೇಕು. ಅಂದರೆ ಸುಸ್ತಾಗಿ ಬರುವಾಗ, ನೆತ್ತಿ ಸುಡುವ ಹೊತ್ತಿಗೆ, ಅಷ್ಟನ್ನೂ ಹತ್ತಬೇಕು. ಕೆಳಗಿನ ಒಣಹಳ್ಳದಲ್ಲಿ ಮರಳು ಕಾಲು ಹಿಡಿದು ಎಳೆಯುತ್ತದೆ. ಎಲ್ಲೂ ಕುಡಿಯುವ ನೀರಿಲ್ಲ. ನಾಲ್ಕು ಲೀಟರ್ ಹೊತ್ತರೂ ಜಾಸ್ತಿಯೇನಲ್ಲ.

ದಾರಿಯಲ್ಲಿ ಮೂರು ಸಣ್ಣ ಚಿತ್ರತಾಣ ಸಿಗುತ್ತವೆ. ಅಲ್ಲೇ ಹೊತ್ತು ಕಳೆಯಬೇಡಿ. ಕೊನೆಯದೇ ಗ್ರೇಟ್ ಗ್ಯಾಲರಿ. ಸುಮಾರು 200 ಅಡಿ ಉದ್ದದ ಗೋಡೆ, ಅದರ ಮೇಲೆ ಆಳೆತ್ತರದ ಇಪ್ಪತ್ತಕ್ಕೂ ಹೆಚ್ಚು ಆಕೃತಿಗಳು. 'ಹೋಲಿ ಘೋಸ್ಟ್' ಅಂತ ಕರೆಯುವುದು ಏಳಡಿಗೂ ಮೀರಿದ್ದು. ಉಳಿದವು ಗಾಢ ಕಾವಿ ಬಣ್ಣದವು. ಇದನ್ನು ಮಾತ್ರ ಬಾಯಲ್ಲಿ ಬಣ್ಣ ತುಂಬಿಕೊಂಡು ಊದಿದ ಹಾಗೆ ಕಾಣುತ್ತದೆ, ಅಂಚೇ ಇಲ್ಲ. ಬೈನಾಕ್ಯುಲರ್ ಹಿಡಿದರೆ ಇನ್ನೊಂದರ ಎದೆಯ ಮೇಲೆ ಪುಟ್ಟ ಪುಟ್ಟ ಕಾಡುಕುರಿಗಳು ಸಿಗುತ್ತವೆ.

ಸೀಗೋ ಮೊದಲು ಅಂದದ್ದು ಇದಕ್ಕೇ. ಬ್ಯಾರಿಯರ್ ಕ್ಯಾನಿಯನ್ ಅನ್ನುವುದು ಹಾರ್ಸ್‌ಶೂದ ಹಳೆಯ ಹೆಸರು. ಶೈಲಿಗೆ ಹೆಸರು ಬಂದದ್ದು ಇಲ್ಲಿಂದ. ಈ ಚಿತ್ರಗಳು ಫ್ರೀಮಾಂಟ್ ಜನರಿಗಿಂತ ಎಷ್ಟೋ ಹಿಂದಿನವು ಎಂದೇ ಹಲವರು ಎಣಿಸಿದ್ದರು. ಚಿತ್ರದ ಒಂದು ಭಾಗವನ್ನು ಹೊತ್ತು ಉದುರಿದ ಬಂಡೆ ಅಲ್ಲೇ ಬಿದ್ದಿದೆ. ಅದರಡಿಯ ಮರಳು ಕೊನೆಯ ಸಲ ಬೆಳಕು ಕಂಡದ್ದು ಯಾವಾಗ ಎಂದು ಅಳೆದು, 2014ರ ಒಂದು ಅಧ್ಯಯನ ಇವು ಕ್ರಿ.ಶ. 1ರಿಂದ 1100ರ ನಡುವಿನವು ಅಂದಿತು. ಆ ಅವಧಿಯಲ್ಲಿ ಫ್ರೀಮಾಂಟ್ ಜನರೂ ಇಲ್ಲಿದ್ದರು. ಹಾಗಾದರೆ ಎರಡೂ ಕಡೆಯವರು ಒಂದೇ ಕಾಲದಲ್ಲಿ ಇದ್ದಿರಲೂಬಹುದು, ಅಲ್ವಾ? ಎರಡೂ ಶೈಲಿ ನೋಡಿ ಬಂದವರಿಗೆ ಗ್ಯಾಲರಿ ಎದುರು ಈ ಪ್ರಶ್ನೆ ತಲೆ ತಿನ್ನುತ್ತದೆ. ನೋಡದವರಿಗೆ ಅದು ಸುಮ್ನೆ ದೊಡ್ಡ ಚಿತ್ರ. ಯಾವುದನ್ನೂ ಮುಟ್ಟಬೇಡಿ, ಕೈಯ ಜಿಡ್ಡಿಗೇ ಬಣ್ಣ ಹಾಳಾಗುತ್ತದೆ.

ಒಂಟಿಯಾಗಿ ಹೋಗುವವರಿಗೆ ಇನ್ನೊಂದು ಮಾತು. 2003ರಲ್ಲಿ ಆರನ್ ರಾಲ್‌ಸ್ಟನ್ ಎಂಬ ಒಂಟಿ ಚಾರಣಿಗರು ಬಂಡೆಗೆ ಕೈ ಸಿಕ್ಕಿಸಿಕೊಂಡದ್ದು ಪಕ್ಕದ ಬ್ಲೂ ಜಾನ್ ಕಣಿವೆಯಲ್ಲಿ. ಎಲ್ಲಿಗೆ ಹೊರಟೆ ಅಂತ ಅವರು ಯಾರಿಗೂ ಹೇಳಿರಲಿಲ್ಲ. ಕಣಿವೆಯೊಳಗೆ ಫೋನನ್ನು ನಂಬುವ ಹಾಗಿಲ್ಲ. ಹಾಗಾಗಿ ಹೊರಡುವ ಮೊದಲೇ ಮನೆಗೆ ಫೋನ್ ಮಾಡಿ, ಎಷ್ಟು ಗಂಟೆಯೊಳಗೆ ಸುದ್ದಿ ಬರದಿದ್ದರೆ ಯಾರಿಗೆ ತಿಳಿಸಬೇಕು ಅಂತ ಹೇಳಿಡಿ.

ಹೋಗಲು ವಸಂತ ಇಲ್ಲವೇ ಅಕ್ಟೋಬರ್ ಒಳ್ಳೆಯದು. ಜುಲೈನಿಂದ ಸೆಪ್ಟೆಂಬರ್‌ವರೆಗೆ ದಿಢೀರ್ ಪ್ರವಾಹದ ಕಾಟ. ಆ ದಿನ ಮಳೆಯ ಸೂಚನೆ ಇದ್ದರೆ ಮಣ್ಣುರಸ್ತೆ ಹಿಡಿಯಲೇಬೇಡಿ. ಸೀಗೋದ ಕಡೆಯೂ ಹಳ್ಳ ತುಂಬುತ್ತದೆ. ಮೊಯಾಬ್ ಊರಿನಲ್ಲೇ ಕಾಫಿ ಕುಡಿದುಕೊಂಡು ಇರಿ.