ಬೋನ್‌ಫಿಶ್‌ಗೆ ಸೈ, ಟ್ರೆವಲಿಗೆ ಅಲ್ಲ: ಒಂದು ರೋಟರಿ ವೈಸ್‌ನ ಜೊತೆ ಹಲವು ವರ್ಷ

6/0 ಗಾತ್ರದ ದೊಡ್ಡ ಮೀನುಗಾಳವನ್ನು ಈ ವೈಸ್ ಗಟ್ಟಿಯಾಗಿ ಹಿಡಿಯುವುದಿಲ್ಲ. ಹಲವು ವರ್ಷಗಳಿಂದ ನನ್ನ ಬಳಿಯಿರುವ ಈ ಉಪಕರಣದ ಬಗ್ಗೆ ಯಾರು ಕೇಳಿದರೂ ನಾನು ಮೊದಲು ಹೇಳುವುದು ಇದನ್ನೇ. ಹೊಗಳುವುದಕ್ಕೂ ಬೇಕಾದಷ್ಟಿದೆ, ಅದನ್ನು ಆಮೇಲೆ ಹೇಳುತ್ತೇನೆ.

ಫ್ಲೈ ಎಂದರೆ ಗಾಳಕ್ಕೆ ಕೂದಲು, ಎಳೆಗಳನ್ನು ದಾರದಿಂದ ಸುತ್ತಿ ಮಾಡುವ ಹುಸಿ ಎರೆ. ಅದನ್ನು ಕಟ್ಟುವಾಗ ಗಾಳವನ್ನು ಅಲುಗದಂತೆ ಹಿಡಿದುಕೊಳ್ಳುವ ಪುಟ್ಟ ವೈಸ್ ಇದು. ಮಧ್ಯಮ ಬೆಲೆಯದು, ರೋಟರಿ ಬಗೆಯದು, ಅಂದರೆ ಹಿಡಿದ ಗಾಳವನ್ನು ಬಿಚ್ಚದೆಯೇ ಸುತ್ತ ತಿರುಗಿಸಬಹುದು. ಮೇಜಿನ ಅಂಚಿಗೆ ಕ್ಲಾಂಪ್ ಹಾಕಿ ಬಿಗಿಯಬೇಕು, ಲಿವರ್ ಒತ್ತಿದರೆ ದವಡೆ ಮುಚ್ಚಿಕೊಳ್ಳುತ್ತದೆ, ಬಿಚ್ಚಿದರೆ ಸಣ್ಣ ಚೀಲದಲ್ಲಿ ಹಿಡಿಸುತ್ತದೆ. ಇದೇ ವಿನ್ಯಾಸದಲ್ಲಿ ಹಲವು ಕಂಪನಿಗಳು ತಯಾರಿಸುತ್ತವೆ, ಆದ್ದರಿಂದ ಹೆಸರು ಬೇಡ.

ಜೈಂಟ್ ಟ್ರೆವಲಿ ಮೀನಿಗೆ ಕಟ್ಟುವ ಫ್ಲೈ ಅಂಗೈಯಷ್ಟು ಉದ್ದ ಇರುತ್ತದೆ. ಅದರ ಸಿಂಥೆಟಿಕ್ ಎಳೆಗಳನ್ನೂ ದಪ್ಪ ಕೂದಲನ್ನೂ ಹಿಡಿದಿಡಲು ಜೆಲ್‌ಸ್ಪನ್ ದಾರ ಬೇಕು. ಈ ದಾರವನ್ನು ಕೈಯಲ್ಲಿ ಎಷ್ಟು ಎಳೆದರೂ ಕಡಿಯುವುದಿಲ್ಲ, ಬೆರಳನ್ನೇ ಕೊಯ್ಯುತ್ತದೆ. ಅಷ್ಟು ಬಿಗಿಯಾಗಿ ಸುತ್ತದಿದ್ದರೆ ಒಂದೇ ಮೀನಿನ ಹೊಡೆತಕ್ಕೆ ಕೂದಲೆಲ್ಲ ಪಕ್ಕಕ್ಕೆ ತಿರುಗಿ ಫ್ಲೈ ಕೆಟ್ಟುಹೋಗುತ್ತದೆ. ಆದರೆ ವೈಸ್ ಗಾಳವನ್ನು ಹಿಡಿದಿರುವುದು ಅದರ ಬಾಗಿನ ಬಳಿ, ನಾವು ದಾರ ಎಳೆಯುವುದು ಮುಂದೆ ಕಣ್ಣಿನ ಬಳಿ, ಅಂದರೆ ಮೀನುದಾರ ಕಟ್ಟುವ ಉಂಗುರದ ಬಳಿ. ನಡುವಿನ ದಂಡ ಉದ್ದವಾದಷ್ಟೂ ಅದು ಸನ್ನೆಗೋಲಿನಂತೆ ದವಡೆಯ ಮೇಲೆ ಬಲ ಹಾಕುತ್ತದೆ. 8ನೇ ನಂಬರಿನ ಪುಟ್ಟ ಗಾಳದಲ್ಲಿ ಆ ಬಲ ಗೊತ್ತೇ ಆಗುವುದಿಲ್ಲ. 6/0 ಗಾಳದಲ್ಲಾದರೆ ಎರಡು ಸುತ್ತು ಹಾಕುವಷ್ಟರಲ್ಲಿ ಕಣ್ಣು ಕೆಳಕ್ಕೆ ವಾಲುತ್ತದೆ. ದವಡೆ ಸಡಿಲಿಸಿ, ಗಾಳವನ್ನು ಮತ್ತೆ ನೆಟ್ಟಗೆ ಕೂರಿಸಿ, ಲಿವರ್ ಒತ್ತಿ ಇನ್ನೆರಡು ಸುತ್ತು ಹಾಕಿದರೆ ಮತ್ತೆ ಅದೇ ಕಥೆ. ಒಂದು ಫ್ಲೈ ಮುಗಿಯುವ ಹೊತ್ತಿಗೆ ಗಾಳದ ಬಾಗಿನ ಮೇಲೆ ಲೇಪ ಕಿತ್ತು ಹೊಳೆಯುವ ಗೀರುಗಳು ಮೂಡಿರುತ್ತವೆ. ಉಪ್ಪುನೀರಿನಲ್ಲಿ ತುಕ್ಕು ಶುರುವಾಗುವುದು ಆ ಗೀರಿನಿಂದಲೇ.

ಮಾರಾಟಗಾರರಿಗೆ ಬರೆದೆ. ದೊಡ್ಡ ಗಾಳಗಳಿಗೆ ಬೇರೆ ದವಡೆ ಇದೆ, ತರಿಸಿಕೊಳ್ಳಿ ಎಂದು ಉತ್ತರ ಬಂತು. ಸಾಗಣೆ, ಸುಂಕ ಎಲ್ಲ ಸೇರಿದರೆ ಅದಕ್ಕೆ ವೈಸ್‌ನ ಅರ್ಧ ಬೆಲೆ. ಎಲ್ಲ ಗಾತ್ರದ ಗಾಳಕ್ಕೂ ಆಗುತ್ತದೆ ಎಂದು ಪೆಟ್ಟಿಗೆಯ ಮೇಲೆ ಮುದ್ರಿಸಿ ಮಾರಿದ ಮೇಲೆ ಹೀಗೆ ಹೇಳುವುದು ನ್ಯಾಯವಲ್ಲ. ಎಷ್ಟೋ ದಿನ ಈ ಸಿಟ್ಟು ನನ್ನಿಂದ ಹೋಗಲಿಲ್ಲ.

ಸಿಟ್ಟು ಇಳಿದದ್ದು ನಾನು ನಿಜವಾಗಿ ಎಲ್ಲಿಗೆ ಹೋಗುತ್ತೇನೆ, ಯಾವ ಗಾಳ ಬಳಸುತ್ತೇನೆ ಎಂದು ಲೆಕ್ಕ ಹಾಕಿದ ಮೇಲೆ. ದೊಡ್ಡ ಟ್ರೆವಲಿಗಳ ಹೆಸರಾಂತ ತಾಣಗಳಾದ ಸೇಶೆಲ್ಸ್‌ನ ಕಾಸ್ಮೊಲೆಡೊ, ಫಾರ್ಕ್ವಾರ್ ಹವಳದ್ವೀಪಗಳಲ್ಲಿ ಒಂದು ವಾರ ಕಳೆಯುವ ಹಣದಲ್ಲಿ ಬೆಂಗಳೂರಿನಲ್ಲಿ ಹೊಸ ಕಾರು ಬರುತ್ತದೆ. ನನ್ನ ಸಂಬಳಕ್ಕೆ ಒಗ್ಗುವುದು ಮಾಲ್ಡೀವ್ಸ್. ನೇರ ವಿಮಾನ ಸಿಕ್ಕರೆ ಎರಡು ಗಂಟೆಯ ಆಸುಪಾಸು, ಇಳಿದ ಮೇಲೆ ವೀಸಾ. ಸ್ಥಳೀಯರು ವಾಸಿಸುವ ದ್ವೀಪಗಳಲ್ಲಿ ಅತಿಥಿಗೃಹಗಳು ಬಂದ ಮೇಲೆ ರೆಸಾರ್ಟ್‌ನ ಬಾಡಿಗೆ ತೆರದೆಯೇ ಮೊಣಕಾಲುದ್ದದ ನೀರಿನ ಮರಳುಹಾಸುಗಳಲ್ಲಿ ನಡೆದು ಮೀನು ಹುಡುಕಬಹುದು. ಅಲ್ಲಿ ಬೋನ್‌ಫಿಶ್, ಟ್ರಿಗರ್‌ಫಿಶ್, ನೀಲಿ ರೆಕ್ಕೆಯ ಟ್ರೆವಲಿ ಸಿಗುತ್ತವೆ. ಅವುಗಳಿಗೆ ಬೇಕಾದ ಗಾಳಗಳು ಪುಟ್ಟ 8ರಿಂದ ತುಸು ದೊಡ್ಡ 1/0ರವರೆಗೆ, ಅಷ್ಟೇ. ಆ ಗಾತ್ರಗಳಲ್ಲಿ ಈ ವೈಸ್ ಒಮ್ಮೆಯೂ ಜಾರಿಲ್ಲ.

ಅಲ್ಲಿ ಒಣ ಹವೆ ಇರುವುದು ಡಿಸೆಂಬರ್‌ನಿಂದ ಏಪ್ರಿಲ್‌ವರೆಗೆ. ಹಾಗಾಗಿ ನನ್ನ ತಯಾರಿ ದಸರೆಯ ಹೊತ್ತಿಗೆ ಆರಂಭವಾಗುತ್ತದೆ. ರಾತ್ರಿ ಊಟವಾಗಿ ಮೇಜು ಒರೆಸಿದ ಮೇಲೆ ಅಂಚಿಗೆ ಮಡಿಸಿದ ವೃತ್ತಪತ್ರಿಕೆ ಇಟ್ಟು ಕ್ಲಾಂಪ್ ಬಿಗಿಯುತ್ತೇನೆ. ಎಡಕ್ಕೆ ದೀಪ, ಬಲಕ್ಕೆ ಕತ್ತರಿ, ಹಿಂದೆ ಬಿಳಿ ಕಾಗದ. ಮೊದಲು ಅಂದಿನ ಗಾಳಗಳ ಮೊನೆಯ ಹಿಂದಿರುವ ಮುಳ್ಳನ್ನೆಲ್ಲ ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡುತ್ತೇನೆ. ಹಿಡಿದ ಮೀನನ್ನು ಹೆಚ್ಚು ಗಾಯವಾಗದಂತೆ ಬಿಡಬೇಕಾದರೆ ಮುಳ್ಳು ಇರಬಾರದು. ಒತ್ತುವಾಗ ಮೊನೆ ಮುರಿಯುವ ಗಾಳವೂ ಇರುತ್ತದೆ. ಅದು ಕಟ್ಟುವ ಮೊದಲೇ ಮುರಿದರೆ ಶ್ರಮ ಉಳಿಯುತ್ತದೆ.

ಆಮೇಲೆ ಕ್ರೇಜಿ ಚಾರ್ಲಿ. 1977ರಲ್ಲಿ ಬಹಾಮಾಸ್‌ನ ಆಂಡ್ರೋಸ್ ದ್ವೀಪದಲ್ಲಿ ಬಾಬ್ ನೌಹೀಮ್ ಕಟ್ಟಿದ ಈ ಫ್ಲೈಗೆ ಅಲ್ಲಿನ ಗೈಡ್ ಚಾರ್ಲಿ ಸ್ಮಿತ್ ಅವರ ಹೆಸರು ಬಂದಿದೆ. ಒಂದು ಜೊತೆ ಮಣಿಗಣ್ಣು, ಹೊಳೆಯುವ ಮೈ, ತುಸು ಕೂದಲಿನ ರೆಕ್ಕೆ ಬಿಟ್ಟರೆ ಇದರಲ್ಲಿ ಬೇರೇನೂ ಇಲ್ಲ. ಮಣಿಗಣ್ಣಿನ ಭಾರಕ್ಕೆ ಗಾಳ ಮಗುಚಿ ಮೊನೆ ಮೇಲಾಗಿ ಸಾಗುತ್ತದೆ, ತಳದ ಹವಳಕ್ಕೆ ಸುಲಭವಾಗಿ ಸಿಕ್ಕಿಕೊಳ್ಳುವುದಿಲ್ಲ. ಬಾಬ್ ಕ್ಲೌಸರ್ ಅವರ ಮಿನ್ನೋ ಫ್ಲೈಯಲ್ಲೂ ಇದೇ ಉಪಾಯವಿದೆ. ಇಂಥ ಫ್ಲೈಗಳ ರೆಕ್ಕೆಯನ್ನು ಗಾಳದ ಅಡಿಭಾಗಕ್ಕೆ ಕಟ್ಟಬೇಕು. ಸುತ್ತದ ವೈಸ್‌ನಲ್ಲಿ ಇದಕ್ಕೆ ಕತ್ತು ಬಗ್ಗಿಸಬೇಕು, ಇಲ್ಲವೇ ಗಾಳವನ್ನು ಬಿಚ್ಚಿ ತಿರುಗಿಸಿ ಸಿಕ್ಕಿಸಬೇಕು. ಇದರಲ್ಲಿ ಹಿಡಿ ಅರ್ಧ ತಿರುಗಿಸಿದರೆ ಸಾಕು, ಮೀನಿನ ಮುಂದೆ ಸಾಗುವ ಭಂಗಿಯಲ್ಲೇ ಫ್ಲೈ ನನ್ನ ಕಣ್ಣೆದುರು ನಿಲ್ಲುತ್ತದೆ. ರೆಕ್ಕೆ ಒಂದು ಕಡೆಗೆ ವಾಲಿದ್ದರೆ ಆಗಲೇ ಗೊತ್ತಾಗುತ್ತದೆ. ಕೊನೆಗೆ ಫ್ಲೈಯ ತಲೆಗೆ ರಾಳ ಹಚ್ಚಿ, ಒಂದು ಕೈಯಲ್ಲಿ ನಿಧಾನವಾಗಿ ಸುತ್ತುತ್ತ ಇನ್ನೊಂದು ಕೈಯಲ್ಲಿ ನೇರಳಾತೀತ ದೀಪ ಹಿಡಿಯುತ್ತೇನೆ. ರಾಳ ಎಲ್ಲಿಯೂ ತೊಟ್ಟಾಗಿ ಇಳಿಯದೆ ಸುತ್ತಲೂ ಸಮನಾಗಿ ಗಟ್ಟಿಯಾಗುತ್ತದೆ. ದಿನದ ಕೆಲಸದ ದಣಿವೆಲ್ಲ ಆ ಅರ್ಧ ನಿಮಿಷದಲ್ಲಿ ಇಳಿದುಹೋಗುತ್ತದೆ.

ಸಾಮಗ್ರಿಗೆ ನಾನು ಹೆಚ್ಚು ಖರ್ಚು ಮಾಡುವುದಿಲ್ಲ. ಮಣಿಗಣ್ಣಿಗೆ ವಾಷ್ ಬೇಸಿನ್ ಮುಚ್ಚಳಕ್ಕೆ ಕಟ್ಟುವ ಮಣಿ ಸರಪಳಿ ಸಾಕು. ಸ್ಟೇನ್‌ಲೆಸ್ ಸ್ಟೀಲಿನದಾಗಿರಬೇಕು, ಬರಿಯ ಲೇಪವಿದ್ದರೆ ತುಕ್ಕು ಹಿಡಿಯುತ್ತದೆ. ಏಡಿ ಫ್ಲೈಗೆ ಬೇಕಾದ ಹೆಣೆದ ನೈಲಾನ್ ಕೊಳವೆಯನ್ನು ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ವೈರುಗಳಿಗೆ ಹೊದಿಸಲು ಮೀಟರ್ ಲೆಕ್ಕದಲ್ಲಿ ಮಾರುತ್ತಾರೆ. ಸಣ್ಣ ತುಂಡು ಕತ್ತರಿಸಿ, ಅಂಚನ್ನು ಲೈಟರ್‌ನಲ್ಲಿ ಕಾಯಿಸಿ ಅಂಟಿಸಿ, ರಬ್ಬರ್ ಕಾಲು ಸಿಕ್ಕಿಸಿದರೆ ಏಡಿ ಸಿದ್ಧ. ಗಾಳದಲ್ಲಿ ಮಾತ್ರ ಉಳಿತಾಯ ಮಾಡುವುದಿಲ್ಲ. ಟ್ರಿಗರ್‌ಫಿಶ್ ಚಿಪ್ಪು ಒಡೆದು ತಿನ್ನುವ ಮೀನು, ತೆಳು ಗಾಳವನ್ನು ಹಲ್ಲಿನಲ್ಲೇ ಜಜ್ಜಿಹಾಕುತ್ತದೆ. ನವಿಲುಗರಿಯ ಎಳೆ ಬಳಸಿದ ಫ್ಲೈಗಳನ್ನು ಮನೆಯಲ್ಲೇ ಬಿಡುತ್ತೇನೆ, ನವಿಲುಗರಿಯ ರಫ್ತಿಗೆ ನಮ್ಮಲ್ಲಿ ನಿಷೇಧವಿದೆ. ಪ್ರಯಾಣಕ್ಕೆ ಗಾಳ, ಕತ್ತರಿ, ವೈಸ್ ದೊಡ್ಡ ಪೆಟ್ಟಿಗೆಗೆ. ಲಿಥಿಯಂ ಬ್ಯಾಟರಿಯ ದೀಪ ಕೈಚೀಲಕ್ಕೆ.

ಈ ವೈಸ್ ನನಗೆ ಇಷ್ಟು ಆಪ್ತವಾಗುತ್ತದೆ ಎಂದು ನಾನು ಎಣಿಸಿರಲಿಲ್ಲ. ಅದನ್ನು ತೋರಿಸಿಕೊಟ್ಟದ್ದು ಮಾಲ್ಡೀವ್ಸ್‌ನ ಒಂದು ಅತಿಥಿಗೃಹದ ಕೋಣೆ. ಮನೆಯಲ್ಲಿ ಕಟ್ಟಿ ಒಯ್ದ ಏಡಿಗಳೆಲ್ಲ ಚಹಾ ಬಣ್ಣದವು. ಆ ದ್ವೀಪದ ಮರಳು ಸುಣ್ಣದಷ್ಟು ಬಿಳಿ, ಅದರ ಮೇಲೆ ಓಡುವ ಏಡಿಗಳೂ ಬಹುಪಾಲು ಬಿಳಿ, ಬೆನ್ನಿನಲ್ಲಿ ತುಸು ಹಳದಿ. ಬೆಳಿಗ್ಗೆ ಟ್ರಿಗರ್‌ಫಿಶ್‌ಗಳು ತಲೆ ಕೆಳಗೆ ಮಾಡಿ, ಬಾಲ ನೀರಿನಿಂದ ಮೇಲೆತ್ತಿ ಮೇಯುತ್ತಿದ್ದವು. ನನ್ನ ಫ್ಲೈ ಬಿದ್ದರೆ ಬಂದು ನೋಡಿ ಹಿಂತಿರುಗುತ್ತಿದ್ದವು. ರಾತ್ರಿ ಕೋಣೆಯ ಮೇಜಿಗೆ ವೈಸ್ ಬಿಗಿದು ಬಿಳಿ ಕೊಳವೆಯಲ್ಲಿ ಕೆಲವು ಏಡಿ ಕಟ್ಟಿದೆ, ಮಣಿಗಣ್ಣಿನ ಭಾರವನ್ನೂ ಇಳಿಸಿದೆ. ಮರುದಿನ ಭರತ ಏರುವಾಗ ಒಂದು ಮೀನು ಹಿಂದೆ ಮುಂದೆ ನೋಡದೆ ಬಂದು ಕಚ್ಚಿತು. ಅದು ಓಡಿ ಹವಳದ ಬಿಲಕ್ಕೆ ನುಗ್ಗುವ ಮುನ್ನ ತಡೆದು, ಗಾಳ ಬಿಡಿಸಿ, ನೀರಿನಲ್ಲೇ ಹಿಡಿದು ನೋಡಿ ಬಿಟ್ಟೆ. ಮೇಜಿನ ಮೇಲೆ ಕೂರಿಸುವ ಭಾರದ ಬುಡದ ವೈಸ್ ಆಗಿದ್ದರೆ ಅದನ್ನು ಅಲ್ಲಿಯವರೆಗೆ ಹೊತ್ತೊಯ್ಯುತ್ತಲೇ ಇರಲಿಲ್ಲ. ಅಂದು ನೋಡಿದ ಏಡಿಯನ್ನು ಅಂದೇ ರಾತ್ರಿ ಕಟ್ಟಿ ಮರುದಿನ ಮೀನಿನ ಮುಂದೆ ಇಡುವ ಸಂತೋಷಕ್ಕೆ ನಾನು ಎಷ್ಟು ಬೇಕಾದರೂ ಕೊಡಬಲ್ಲೆ.

ಸಮುದ್ರದ ಗಾಳಿಗೆ ದವಡೆಯ ಕಪ್ಪು ಲೇಪ ಅಲ್ಲಲ್ಲಿ ಮಾಸಿದೆ. ಪ್ರವಾಸದಲ್ಲಿ ದಿನವೂ ಒಣ ಬಟ್ಟೆಯಿಂದ ಒರೆಸಿ, ಮನೆಗೆ ಬಂದ ಮೇಲೆ ಬಿಚ್ಚಿ ತಿರುಗುವ ದಂಡಕ್ಕೆ ಹೊಲಿಗೆ ಯಂತ್ರದ ಎಣ್ಣೆ ಒಂದು ತೊಟ್ಟು ಬಿಡುತ್ತೇನೆ. ತಿರುಗುವಿಕೆ ಇಂದಿಗೂ ಮೊದಲಿನಷ್ಟೇ ನಯವಾಗಿದೆ, ಸ್ಕ್ರೂಗಳು ಸವೆದಿಲ್ಲ.

ಬೋನ್‌ಫಿಶ್, ಟ್ರಿಗರ್‌ಫಿಶ್‌ಗೆ ಕಟ್ಟುವವರು ಇದನ್ನು ಧಾರಾಳವಾಗಿ ಕೊಳ್ಳಬಹುದು. ನಮ್ಮ ಹೊಳೆಗಳ ಮೀನಿಗೆ ಸಣ್ಣ ಫ್ಲೈ ಕಟ್ಟುವವರಿಗೂ ಸಾಕು. ವರ್ಷವಿಡೀ ದೊಡ್ಡ ಟ್ರೆವಲಿ ಫ್ಲೈ ಕಟ್ಟುವವರು ಸ್ಪ್ರಿಂಗ್ ದವಡೆಯ ವೈಸ್ ನೋಡಲಿ. ನಾನು ಬೇರೆ ದವಡೆ ತರಿಸಿಲ್ಲ. ಅಪರೂಪಕ್ಕೆ ಎದುರಾಗುವ ದೊಡ್ಡ ಮೀನಿಗೆಂದು ಕೆಲವು 6/0 ಫ್ಲೈಗಳನ್ನು ಕಟ್ಟಿದ್ದನ್ನೇ ಕೊಳ್ಳುತ್ತೇನೆ. ದವಡೆಯ ಬೆಲೆಗಿಂತ ಅದೇ ಅಗ್ಗ. ಅಂಗಡಿಯಲ್ಲಿ ವೈಸ್ ನೋಡಿ ಕೊಳ್ಳುವ ಅವಕಾಶ ನಿಮಗಿದ್ದರೆ, ನೀವು ಬಳಸುವ ಅತಿ ದೊಡ್ಡ ಗಾಳವನ್ನು ಒಯ್ಯಿರಿ. ದವಡೆಗೆ ಸಿಕ್ಕಿಸಿ, ಕಣ್ಣಿನ ಬಳಿ ದಾರ ಸುತ್ತಿ ಬಲವಾಗಿ ಎಳೆಯಿರಿ. ಗಾಳ ಕದಲಿದರೆ ಪೆಟ್ಟಿಗೆಯ ಮೇಲೆ ಏನೇ ಬರೆದಿರಲಿ, ಆ ವೈಸ್ ನಿಮಗಲ್ಲ.